ಬೂರುಗದ ಊರಿನಿಂದ ಮುನ್ನೂರು ಗ್ರಾಂ

ಬೆಳಿಗ್ಗೆ ಹತ್ತೂವರೆಯವರೆಗೆ ನಾನು ಖಾರ ಮುಟ್ಟುವುದಿಲ್ಲ,
ಈರುಳ್ಳಿ ಹೆಚ್ಚುವುದಿಲ್ಲ, ಮಲ್ಲಿಗೆ ಮುಡಿಯುವುದಿಲ್ಲ.
ಚಿಕ್ಕಮಗಳೂರಿನ ಈ ಕ್ಯೂರಿಂಗ್ ವರ್ಕ್ಸಿನಲ್ಲಿ
ಸಂಬಳ ನನ್ನ ನಾಲಿಗೆಗೆ.
ಚಮಚದಿಂದ ಸೊರ್ರನೆ ಹೀರಿ, ಒಂದು ಗಳಿಗೆ ಬಾಯಲ್ಲಿಟ್ಟು,
ಹಿತ್ತಾಳೆಯ ಪೀಕದಾನಿಗೆ ಉಗುಳಿ
ಅಂಕ ಬರೆಯುತ್ತೇನೆ.
ಹನ್ನೊಂದು ವರ್ಷ, ಉಗುಳಿದ್ದೇ ಉದ್ಯೋಗ.

ಮೊನ್ನೆ ಹೋಲಿಸಿ ನೋಡಲೆಂದು ಬಂದ ಮಾದರಿಗಳಲ್ಲಿ
ಒಂದು ಖಾಕಿ ಚೀಲ, ಮುನ್ನೂರು ಗ್ರಾಂ.
ಮೆಕ್ಸಿಕೊ. ಅದರ ಕೆಳಗೆ, ಕದಡಿದ ಶಾಯಿಯಲ್ಲಿ: ಪೋಚುತ್ಲ.
ಹೆಸರು ಬಾಯಲ್ಲಿ ಸಿಕ್ಕಿಕೊಂಡಿತು,
ಬೀಜದ ಬೆಳ್ಳಿಸಿಪ್ಪೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡಂತೆ.
ರಾತ್ರಿ ಕೂತು ಹುಡುಕಿದೆ.

ಪೋಚುತ್ಲ ಎಂದರೆ ಬೂರುಗದ ಮರಗಳ ಊರು.
ನಮ್ಮ ಕಡೆ ಆಗಿದ್ದರೆ ಬೂರುಗನಹಳ್ಳಿ ಅಂತ
ಬಸ್ಸಿನ ಬೋರ್ಡಿನಲ್ಲಿ ಒಂದಕ್ಷರ ಉದುರಿಸಿಕೊಂಡು ಓಡಾಡುತ್ತಿತ್ತು.
ಆ ಊರಿಗೆ ಒಂದು ಮಾತಿತ್ತಂತೆ, ಅದರದೇ.
ಯೂಟೊ-ಅಜ್ಟೆಕನ್ ಎಂಬ ದೊಡ್ಡ ವಂಶ;
ಸಾಮ್ರಾಜ್ಯ ಆಳಿದ ಅಕ್ಕನಿಂದ ಬಹಳ ಬೇಗ ಬೇರೆಯಾಗಿ
ಕಡಲ ದಂಡೆಗೆ ಬಂದು ಕೂತ ತಂಗಿ.

ಅಕ್ಕನ ಮಾತು ಹಡಗು ಹತ್ತಿತು.
ಸಂತೆಯಲ್ಲಿ ನಾನು ‘ಟೊಮೇಟೊ ಎಷ್ಟಯ್ಯಾ’ ಅಂದಾಗ
ಅವಳ ಚೂರೊಂದು ನನ್ನ ಬಾಯಲ್ಲಿ.
ಸಪೋಟ ಅಂದರೂ ಅವಳೇ,
ಮಗು ಚಾಕೊಲೇಟ್ ಅಂತ ರಚ್ಚೆ ಹಿಡಿದರೂ ಅವಳೇ.
ತಂಗಿಯದು ಒಂದೂ ಬರಲಿಲ್ಲ.
ಒಂದು ಕಾಯಿಯ ಹೆಸರೂ.

ಮೊದಲು ಸ್ಪೇನಿನ ಕತ್ತಿ, ಶಿಲುಬೆ, ಸಿಡುಬು.
ಆಮೇಲೆ ಬೆಟ್ಟದ ನೆರೆಯವರ ಮಾತು.
ಆಮೇಲೆ ಆ ಬೆಟ್ಟಗಳಿಗೆ ಕಾಫಿ.
ಕಾಫಿಯೇ ಕೊಂದಿತು ಅಂತ ನಾನು ಓದಿದ್ದರಲ್ಲಿ ಎಲ್ಲೂ ಇಲ್ಲ,
ಕಾಫಿಯ ಅನ್ನ ತಿನ್ನುವ ನಾನೂ ಬರೆಯಲಾರೆ.
ಸಾವಿರದ ಒಂಬೈನೂರ ಹನ್ನೆರಡರಲ್ಲಿ ವಿದ್ವಾಂಸನೊಬ್ಬ ಹೋದಾಗ
ಬಲ್ಲವರು ಕೆಲವೇ ಹಣ್ಣು ಮುದುಕರು.
ಕಲ್ಲಿಗೆ ಏನನ್ನುತ್ತೀರಿ? ಹೊಗೆಗೆ? ನೀರಿಗೆ?
ತಡಕಿ ತಡಕಿ ಕೊಟ್ಟಿರಬೇಕು,
ನಾಗೊಂದಿಗೆಯಿಂದ ಮಸಿ ಹಿಡಿದ ಡಬ್ಬ ಇಳಿಸಿದಂತೆ.
ಆಮೇಲೆ ಕೇಳಲು ಯಾರೂ ಹೋಗಲಿಲ್ಲವೋ,
ಹೋದಾಗ ಯಾರೂ ಇರಲಿಲ್ಲವೋ.

ಉಪ್ಪಳ್ಳಿಯ ಗಾಳೆಮ್ಮ ನಮಗೆ ಕುಕ್ಕೆ ಹೆಣೆದು ತರುತ್ತಾಳೆ,
ಕೊರಮರ ಹೆಂಗಸು.
ವ್ಯಾಪಾರ ಕುದುರದಿದ್ದರೆ ತಂಗಿಯ ಕಡೆ ತಿರುಗಿ
ನಮಗೆ ತಿಳಿಯದ ಮಾತಲ್ಲಿ ಏನೋ ಅನ್ನುತ್ತಿದ್ದಳು,
ತಂಗಿ ನಗುತ್ತಿದ್ದಳು, ಬೆಲೆ ಹತ್ತು ರೂಪಾಯಿ ಏರುತ್ತಿತ್ತು.
ತಂಗಿ ತೀರಿಕೊಂಡ ಮಾಘದಿಂದ ಒಬ್ಬಳೇ ಬರುತ್ತಾಳೆ,
ಕೇಳಿದ ರೇಟಿಗೆ ಕೊಟ್ಟು ಹೋಗುತ್ತಾಳೆ.

ಈ ಸಲ ನಾನೂ ಕೇಳಿಬಿಟ್ಟೆ, ಚೀಟಿ ಪೆನ್ನು ಹಿಡಿದು:
‘ನಿಮ್ಮಲ್ಲಿ ನೀರಿಗೆ ಏನಂತೀರಿ ಗಾಳೆಮ್ಮ?’
ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ
‘ಬಾಯಾರಿತಾ ನಿಂಗೆ?’ ಅಂದಳು.
‘ಇಲ್ಲ, ಸುಮ್ನೆ.’
‘ಬಾಯಾರ್ದೆ ಯಾಕವ್ವ ನೀರು ಕೇಳ್ತಿ?
ಒಂಟಿ ಸೀಳಿಗೆ ಯಾರೂ ಕುಕ್ಕೆ ಅನ್ನಲ್ಲ.’
ದುಡ್ಡು ಎರಡು ಸಲ ಎಣಿಸಿ ಸೆರಗಿಗೆ ಗಂಟು ಹಾಕಿದಳು.
ಚೀಟಿಯ ಮೇಲೆ ಏನೂ ಇರಲಿಲ್ಲ.

ಬೂರುಗದ ಕಾಯಿ ಹಣ್ಣಾದೀತೆಂದು ಕಾದು ಕೂತ ಗಿಣಿ
ಎಲ್ಲರಿಗೂ ಗೊತ್ತು. ಕಾಯಿ ಒಡೆದರೆ ಹತ್ತಿ.
ಆ ಹತ್ತಿಯ ದಿಂಬಿನ ಮೇಲೇ ನಾನು ಇಷ್ಟು ವರ್ಷ
ಕಿವಿಯಿಟ್ಟು ಮಲಗಿದ್ದು.

ಇವತ್ತು ಪೋಚುತ್ಲದ ಪುಡಿಯ ಮೇಲೆ ಕುದಿನೀರು ಹೊಯ್ದೆ.
ನಾಲ್ಕು ನಿಮಿಷ. ಚಮಚದ ಬೆನ್ನಿಂದ ನೊರೆ ಒಡೆದೆ.
ಹೀರಿದೆ.
ಹುಳಿ, ಏಳು. ಮೈ, ಏಳೂವರೆ.
ಸ್ವಲ್ಪ ಬೆಲ್ಲ, ಸ್ವಲ್ಪ ಒದ್ದೆ ಹಲಗೆ.
ಕೊನೆಯ ಕಲಮು: ಉಗುಳಿದ ಮೇಲೆ ಉಳಿದ ರುಚಿ.
ಪೆನ್ನು ಅಲ್ಲಿ ನಿಂತಿದೆ,
ಪೂಣಚ್ಚನವರು ಗಡಿಯಾರ ನೋಡುತ್ತಿದ್ದಾರೆ,
ಇನ್ನೂ ಆರು ಬಟ್ಟಲು ತಣ್ಣಗಾಗುತ್ತಿವೆ,

ನಾನು ಇನ್ನೂ ಉಗುಳಿಲ್ಲ.